ಸೋಮವಾರದ ಪದ

ಬೆಳಗಾವಿ, ೧೪ ಜೂನ್ ೧೯೨೫

ಅಪ್ಪನವರ ಪಾದಗಳಿಗೆ ಕಲ್ಲಯ್ಯ ಮಾಡುವ ಶರಣು.

ಬುಧವಾರ ಬಂಡೆಪ್ಪ ಮಾವನ ಚಕ್ಕಡಿಯಲ್ಲಿ ನಮ್ಮ ಬೀಡಿ ಊರು ಬಿಟ್ಟು ಖಾನಾಪುರ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ರೈಲು ಹೋಗಿತ್ತು. ಸಂಜೆಯ ರೈಲಿಗೆ ಬಂದೆ. ಇರುವುದಕ್ಕೆ ಶಹಾಪುರದಲ್ಲಿ ಒಂದು ಕೋಣೆ ಸಿಕ್ಕಿದೆ. ತಂಬೂರಿ, ಸಿತಾರ, ಹಾರ್ಮೋನಿಯಂ ಪೇಟಿ ದುರಸ್ತಿ ಮಾಡುವ ಮಾಯಪ್ಪ ಎಂಬವರ ಅಂಗಡಿಯ ಹಿಂಭಾಗ ಅದು. ಬಾಡಿಗೆಯ ಬದಲು ಬೆಳಿಗ್ಗೆ ಅಂಗಡಿಯ ಕೆಲಸಕ್ಕೆ ಕೈ ಹಚ್ಚಬೇಕು ಎಂದಿದ್ದಾರೆ. ಊಟ ನಮ್ಮವರ ಖಾನಾವಳಿಯಲ್ಲಿ. ರೊಟ್ಟಿ ದಪ್ಪ, ಪಲ್ಯ ತೆಳ್ಳಗೆ; ಆದರೂ ಚಿಂತೆ ಬೇಡ.

ಅವಧೂತಬುವಾ ಅವರನ್ನು ಶುಕ್ರವಾರ ಕಂಡೆ. ಖಾನಾಪುರದ ನಮ್ಮ ಹಾಡಿನ ಮಾಸ್ತರರು ಸಾಯುವ ಮೊದಲು ಬರೆದುಕೊಟ್ಟಿದ್ದ ಚೀಟಿಯನ್ನು ಅವರ ಕೈಗೆ ಕೊಟ್ಟೆ. ಬುವಾ ಅರವತ್ತು ದಾಟಿದವರು. ಚೀಟಿಯನ್ನು ಎರಡು ಸಲ ಓದಿ, ಮಡಚಿ, ಪುಸ್ತಕದೊಳಗೆ ಇಟ್ಟರು. "ಹಾಡಲೇನ್ರಿ?" ಎಂದು ಕೇಳಿದೆ. "ಈಗ ಬ್ಯಾಡ. ಊರಾಗ ಇರು. ನಾಕು ಮಂದಿ ನಿನ್ನ ಹೆಸರು ನನಗ ಹೇಳಲಿ. ಆಮ್ಯಾಲ ನೋಡೂಣು" ಎಂದರು. ಮಾಯಪ್ಪನವರನ್ನು ಕೇಳಿದಾಗ ಇದು ಇಲ್ಲಿಯ ರೀತಿಯೇ ಎಂದು ತಿಳಿಯಿತು. ಹೊಸಬ ಹೇಗೆ ಹಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಯಾರ ಕಡೆಯವನು ಎಂದು ಕೇಳುತ್ತಾರೆ.

ನಾವು ಮಾತಾಡಿಕೊಂಡದ್ದು ನೆನಪಿದೆ. ಒಂದು ವರ್ಷದೊಳಗೆ ಬುವಾ ನನ್ನನ್ನು ಶಿಷ್ಯನೆಂದು ಒಪ್ಪಿ ಮುಂಗೈಗೆ ಗಂಡಾ ದಾರ ಕಟ್ಟಬೇಕು. ಇಲ್ಲದಿದ್ದರೆ ನಾನು ಬೀಡಿಗೆ ಮರಳಿ, ಮಠದ ಭಜನೆಯಲ್ಲಿ ನಮ್ಮ ಮನೆಯವರು ಹೇಳುವ ಸೋಮವಾರದ ಪದವನ್ನು ನಿಮ್ಮ ಕೈಯಿಂದ ತೆಗೆದುಕೊಳ್ಳಬೇಕು. ಇಲ್ಲಿ ದಾರ ಕಟ್ಟುವುದು ಆಷಾಢದ ಹುಣ್ಣಿಮೆಗೆ. ಈ ಸಲದ ಹುಣ್ಣಿಮೆ ತೀರ ಹತ್ತಿರವಾಯಿತು. ಆದ್ದರಿಂದ ಬರುವ ವರ್ಷದ್ದನ್ನೇ ಗಡುವು ಎಂದು ಎಣಿಸುತ್ತೇನೆ.

ಅಕ್ಕನಿಗೆ ಹೇಳಿ, ಬುತ್ತಿ ಎರಡು ದಿನ ಬಂತು.

ನಿಮ್ಮ ಮಗ
ಕಲ್ಲಯ್ಯ


ಬೀಡಿ, ೨೦ ಜುಲೈ ೧೯೨೫

ಚಿರಂಜೀವಿ ಕಲ್ಲಯ್ಯನಿಗೆ ಈರಯ್ಯನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಮಳೆ ಚೆನ್ನಾಗಿದೆ. ನಾಟಿ ಮುಗಿಯಿತು. ಮಠದ ಹಿಂದಿನ ಗೋಡೆ ಒಂದು ಮೊಳ ಕುಸಿದಿದೆ. ದೀಪಾವಳಿಯ ನಂತರ ಕಟ್ಟಿಸುತ್ತಾರಂತೆ. ಸೋಮವಾರದ ಪದ ನಾನೇ ಹೇಳುತ್ತಿದ್ದೇನೆ.

ಲಿಂಗಪೂಜೆ ತಪ್ಪಿಸಬೇಡ. ತಂಗಳು ತಿಂದು ಹಾಡಬೇಡ. ದೊಡ್ಡವರು ಹಾಡುವಾಗ ತಲೆ ಅಲ್ಲಾಡಿಸಬೇಡ, ತಿಳಿದವರು ಅಲ್ಲಾಡಿಸಲಿ. ಗಡುವು ನೀನು ಬರೆದಂತೆಯೇ ಇರಲಿ.

ಈರಯ್ಯ

ತಮ್ಮಾ, ಇಷ್ಟು ಅಪ್ಪ ಹೇಳಿದ್ದು, ನಾ ಬರೆದಿದ್ದು. ಅಪ್ಪನ ಕಣ್ಣಾಗ ಪೊರೆ ಬಂದೈತಿ, ಅಕ್ಷರ ಕಾಣೂದಿಲ್ಲ. ಇನ್ನ ಮ್ಯಾಲ ನನ್ನ ಕೈಯ ಬರೂದು. ಪಾರಿಶ್ವಾಡದಾಗ ಮೂರು ವರ್ಷ ಸಾಲಿ ಮಾಸ್ತರ ಹೇಣ್ತಿ ಆಗಿದ್ದಕ್ಕ ಇಷ್ಟು ಉಪಯೋಗ ಆತು ನೋಡು. ಅವರು ಊರೂರು ಬಂದ ಆ ಜ್ವರದ ಬ್ಯಾನ್ಯಾಗ ಹೋಗಿ ಏಳು ವರ್ಷ ಆತು, ಕಲಿಸಿದ ಅಕ್ಷರ ಉಳದಾವ. ಬುತ್ತಿ ಎರಡು ದಿನ ಅಲ್ಲ, ಮೂರು ದಿನ ಬರಬೇಕಿತ್ತು. ಹಾದ್ಯಾಗ ಯಾರಿಗೆ ಕೊಟ್ಟಿ?

ಅಕ್ಕವ್ವ


ಬೆಳಗಾವಿ, ೪ ಅಕ್ಟೋಬರ್ ೧೯೨೫

ಅಪ್ಪನವರಿಗೆ ಶರಣು.

ತಡವಾಗಿ ಬರೆಯುತ್ತಿದ್ದೇನೆ. ತಿಳಿಸುವಂಥದ್ದು ಈಗ ಆಗಿದೆ.

ಮಾಯಪ್ಪನವರ ಅಂಗಡಿಯಲ್ಲಿ ತಂಬೂರಿಯ ಕೆಲಸ ಕಲಿತೆ. ತಂತಿಗೂ ಅದನ್ನು ಹೊರುವ ಕುದುರೆ ಎಂಬ ಪಟ್ಟಿಗೂ ನಡುವೆ ಒಂದು ಎಳೆ ದಾರ ಇರುತ್ತದೆ. ಅದನ್ನು ಜೋಳದಷ್ಟು ಆಚೆ ಈಚೆ ಸರಿಸಿದರೆ ನಾದ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ನನ್ನ ಕಿವಿಗೆ ಆ ಜಾಗ ಬೇಗ ಸಿಗುತ್ತದೆ ಎಂದು ಅವರು ನನ್ನನ್ನು ಮನೆಮನೆಗೆ ಕಳಿಸಲು ಶುರುಮಾಡಿದರು. ಈ ಊರಲ್ಲಿ ಹಾಡು ಬರದವರ ಮನೆಯಲ್ಲೂ ತಂಬೂರಿ ಇದೆ. ಈಗ ಹನ್ನೊಂದು ಮನೆಗಳು ವಾರಕ್ಕೊಮ್ಮೆ ಕರೆಯುತ್ತವೆ. ಜನ ನನ್ನನ್ನು ತಂಬೂರಿ ಕಲ್ಲಯ್ಯ ಎನ್ನುತ್ತಾರೆ.

ಮಧುಕರ ಎಂಬ ತಬಲಾದವನ ಪರಿಚಯವಾಯಿತು. ನನಗಿಂತ ಎರಡು ವರ್ಷ ದೊಡ್ಡವನು, ಹಗಲು ಜಕಾತಿ ಕಚೇರಿಯಲ್ಲಿ ಕಾರಕೂನ. ಊರಿನ ಎಲ್ಲ ಹಾಡುಗಾರರ ಮುನಿಸುಗಳೂ ಅವನಿಗೆ ಬಾಯಿಪಾಠ. "ಹಾಡು ಕಲ್ತರ ಅರ್ಧಾ ಆತಪಾ. ಯಾರ ಮುಂದ ಯಾರ ಹೆಸರು ಎತ್ತಬಾರದು ಅನ್ನೂದು ಉಳಿದರ್ಧ" ಎನ್ನುತ್ತಾನೆ. ಮೊದಲು ನಾನು ನಕ್ಕೆ. ಒಂದು ಮನೆಯಲ್ಲಿ ಎತ್ತಬಾರದ ಹೆಸರು ಎತ್ತಿ ಚಹಾ ಇಲ್ಲದೆ ತಿರುಗಿ ಬಂದ ಮೇಲೆ ನಗುವುದಿಲ್ಲ.

ಹನ್ನೊಂದರಲ್ಲಿ ಒಂದು ರಾಧಾಬಾಯಿಯವರ ಮನೆ. ಅವರು ಸಂಗೀತದ ಬೈಠಕಗಳಲ್ಲಿ ಹಾಡುವ ವೃತ್ತಿಯ ಗಾಯಕಿ. ವಯಸ್ಸಾದ ಮೇಲೆ ಬೈಠಕ ಬಿಟ್ಟಿದ್ದಾರೆ. ಮೊದಲ ದಿನ ನಾನು ಶ್ರುತಿ ಕೂಡಿಸಿ ಇಟ್ಟ ತಂಬೂರಿಯನ್ನು, ನಾನು ನೀರು ಕುಡಿಯಲು ಎದ್ದಾಗ ಒಂದು ಕೂದಲಿನಷ್ಟು ಇಳಿಸಿದ್ದರು. ಬಂದು ಕೂತವನು, ಅವರು ಮೀಟಿದ್ದನ್ನು ಕೇಳಿ, ಮುಟ್ಟಿ ನೋಡದೆಯೇ, "ಎರಡನೇ ತಂತಿ ಯಾರೋ ಇಳಿಸ್ಯಾರ್ರಿ" ಎಂದೆ. ಅವರು ನನ್ನ ಹೆಸರು ಕೇಳಿಕೊಂಡರು. ಮುಂದಿನ ವಾರ ಬುವಾ ಅವರ ಕಡೆಯಿಂದ ಕರೆ ಬಂತು. ಹಾಡುವುದಕ್ಕಲ್ಲ, ಅವರ ಹಿಂದೆ ಕೂತು ತಂಬೂರಿ ನುಡಿಸುವುದಕ್ಕೆ. ಮೂರು ಬೈಠಕಗಳಲ್ಲಿ ಕೂತಿದ್ದೇನೆ. ಅವರು ತಿರುಗಿ ನೋಡಿದರೆ ಮಾತ್ರ ದನಿ ಕೊಡಬೇಕು. ಮೂರನೆಯದರಲ್ಲಿ ಒಮ್ಮೆ ತಿರುಗಿದರು.

ನಿಮ್ಮ ಮಗ
ಕಲ್ಲಯ್ಯ


ಬೀಡಿ, ೨೩ ನವೆಂಬರ್ ೧೯೨೫

ಚಿರಂಜೀವಿ ಕಲ್ಲಯ್ಯನಿಗೆ ಆಶೀರ್ವಾದ.

ಪತ್ರ ಓದಿಸಿ ಕೇಳಿದೆ. ಭತ್ತ ಮನೆಗೆ ಬಂತು. ಗೋಡೆ ಕಟ್ಟಿಸಿದರು. ತಂಬೂರಿಯ ಕೆಲಸ ಒಳ್ಳೆಯದು, ಕೈ ಇದ್ದವನು ಉಪವಾಸ ಬೀಳುವುದಿಲ್ಲ. ದೊಡ್ಡವರ ಹಿಂದೆ ಕೂತಾಗ ದನಿ ಕೊಡು ಎಂದಷ್ಟೇ ಕೊಡು.

ಈರಯ್ಯ

ರಾಧಾಬಾಯಾರ ಸಾಲು ಅಪ್ಪ ಎರಡು ಸಲ ಓದಿಸಿದ. ಬೈಯಲಿಲ್ಲ. "ಎರಡನೇ ತಂತಿ ಅಂದನೇನು?" ಅಂತ ಕೇಳಿದ.

ಅಪ್ಪ ಬರಿ ಅನ್ನದ್ದು ಒಂದು ಬರೀತೀನಿ. ದೀಪಾವಳಿಯಿಂದ ಅಪ್ಪನ ದನಿ ಒಡದೈತಿ. ಪದದ ಮೊದಲಿನ ಎರಡು ಸಾಲು ಹೊಂಡತಾವ, ಮುಂದ ಏಕತಾರಿನ ಹೇಳತೈತಿ. ಖಾನಾಪುರದ ಡಾಕ್ಟರು ಔಷಧ ಕೊಟ್ಟು, ಮಾತು ಕಡಿಮಿ ಮಾಡ್ರಿ ಅಂದರು. ಅಪ್ಪ ಮೊದಲ ಎಷ್ಟು ಮಾತಾಡತಿದ್ದ ಅಂತ ಅವರಿಗೇನು ಗೊತ್ತು. ನೀ ಗಾಬರಿ ಆಗಬ್ಯಾಡ. ಗಡುವು ಗಡುವ.

ಅಕ್ಕವ್ವ


ಬೆಳಗಾವಿ, ೨೩ ಫೆಬ್ರುವರಿ ೧೯೨೬

ಅಪ್ಪನವರಿಗೆ ಶರಣು.

ಮೊನ್ನೆ ಭಾನುವಾರ ನಡೆದದ್ದನ್ನು ಬೇರೆ ಯಾರ ಬಾಯಿಂದಲಾದರೂ ನೀವು ಕೇಳುವ ಮೊದಲು ಬರೆಯುತ್ತಿದ್ದೇನೆ.

ಖಡೇಬಜಾರದ ಹಿಂದೆ ವಕೀಲ ಕೃಷ್ಣಾಜಿಪಂತರ ವಾಡೆ ಇದೆ. ಅವರ ಮೊಮ್ಮಗನ ಮುಂಜಿವೆ ಆಗಿ, ಮಧ್ಯಾಹ್ನ ನಾಲ್ಕಕ್ಕೆ ಬೈಠಕ ಇಟ್ಟಿದ್ದರು. ಕೊನೆಗೆ ಬುವಾ ಹಾಡುವವರು. ಇನ್ನೂರು ಜನ ಬಂದಿದ್ದರು, ಎಲ್ಲರೂ ಬುವಾ ಅವರಿಗಾಗಿ. ರಾಧಾಬಾಯಿಯವರು ವಕೀಲರಿಗೆ ಹೇಳಿ ಕಳಿಸಿದ್ದರಿಂದ ಬುವಾಗಿಂತ ಮೊದಲು ನನಗೆ ಅರ್ಧ ತಾಸು ಸಿಕ್ಕಿತ್ತು. ಇದಕ್ಕಾಗಿ ಎಂಟು ತಿಂಗಳು ಕಾದಿದ್ದೆ.

ಮುಲ್ತಾನಿ ರಾಗ ಹಾಡಿದೆ. ತಬಲಾಕ್ಕೆ ಮಧುಕರ. ತಪ್ಪಲಿಲ್ಲ. ಬುವಾ ಎದುರಿಗೇ ಕೂತಿದ್ದರು. ಎರಡು ಸಲ ಕೈ ಎತ್ತಿದರು. ಮುಗಿಸಿ ನಮಸ್ಕಾರ ಮಾಡುವಷ್ಟರಲ್ಲಿ ಒಳಗಿನ ಪರದೆಯ ಹಿಂದಿನಿಂದ ವಕೀಲರ ತಾಯಿ ಕಾಶೀಬಾಯಿಯವರು ಹೇಳಿ ಕಳಿಸಿದರು: "ಆ ಸ್ವಾಮ್ಯಾರ ಹುಡುಗ್ಗ ತಮ್ಮ ಕಡಿ ಕನ್ನಡ ಪದಾ ಒಂದು ಹೇಳಂತ ಹೇಳ್ರಿ." ಸಮಯ ಇನ್ನೂ ಇತ್ತು. ಸಂತೋಷವೂ ಆಗಿತ್ತು. ನಮ್ಮ ಸೋಮವಾರದ ಪದ ಎತ್ತಿಕೊಂಡೆ.

ಎರಡನೆಯ ಸಾಲಿಗೆ ಮಧುಕರನ ಕೈ ನಿಂತಿತು. ಮತ್ತೆ ಸಣ್ಣಗೆ ನುಡಿಸಿದ. ಬಗ್ಗಿ ನನ್ನ ಕಿವಿಯಲ್ಲಿ, "ಏ, ಭೈರವಿ ಅದ ಇದು!" ಎಂದ. ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಪದದ ನಡುವೆ ಇದ್ದೆ, ನಿಲ್ಲಿಸಲು ಬರುವಂತಿರಲಿಲ್ಲ.

ನಿಮಗೆ ತಿಳಿಯಲೆಂದು ಬರೆಯುತ್ತೇನೆ. ಭೈರವಿ ಹಾಡಿದರೆ ಬೈಠಕ ಮುಗಿಯಿತು ಎಂದು ಅರ್ಥ. ಅದಾದ ಮೇಲೆ ಯಾರೂ ಹಾಡುವುದಿಲ್ಲ. ಹಿರಿಯರು ಕೂತಿರುವಾಗ ಕಿರಿಯರು ಅದನ್ನು ಮುಟ್ಟುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಮಾಸ್ತರರು ಮೊದಲ ವರ್ಷವೇ ಹೇಳಿದ್ದರು. ಭೈರವಿಯನ್ನು ಐದು ವರ್ಷ ಕಲಿತಿದ್ದೇನೆ. ನಿಮ್ಮ ಪದವನ್ನು ಐದು ವರ್ಷದ ಹುಡುಗನಿದ್ದಾಗಿನಿಂದ ಹಾಡುತ್ತಿದ್ದೇನೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಒಂದು ದಿನವೂ ನೋಡಿರಲಿಲ್ಲ. ಒಂದು ರಾಗ, ಇನ್ನೊಂದು ಮನೆಯದು ಎಂದುಕೊಂಡಿದ್ದೆ.

ಪದ ಮುಗಿಯಿತು. ಬುವಾ ಕೊನೆಯವರೆಗೆ ಕೇಳಿದರು. ಆಮೇಲೆ ತಮ್ಮ ತಂಬೂರಿಯ ಮೇಲೆ ಗವಸು ಎಳೆದರು. ವಕೀಲರು ಓಡಿ ಬಂದು, "ಬುವಾಸಾಹೇಬ, ಹುಡುಗ, ತಿಳೀಲಿಲ್ಲ ಅವಗ, ನೀವು ಕುಂದರ್ರಿ" ಎಂದು ಕೈ ಮುಗಿದರು. "ಆರತಿ ಆತಲ್ಲರೀ ಪಂತ. ಆರತಿ ಆದಮ್ಯಾಲ ಪೂಜಿ ಹಿಡೀತಾರೇನು?" ಎಂದು ಬುವಾ ಚಪ್ಪಲಿ ಮೆಟ್ಟಿದರು. ಸಿಟ್ಟಿನಲ್ಲಿ ಹೇಳಲಿಲ್ಲ. ಇನ್ನೂರು ಜನ ಎದ್ದು ನನ್ನ ಎದುರಿನಿಂದಲೇ ಹೋದರು.

ಹೊರಗೆ ಮಧುಕರ ಹೇಳಿದ: "ಮದವಿ ಮನ್ಯಾಗ ಎಲಿ ಹಾಕೂಕಿಂತ ಮೊದಲ ತಾಂಬೂಲ ಕೊಟ್ಟಂಗ ಮಾಡಿದೆಲ್ಲೋ ಮಾರಾಯಾ."

ಕಲ್ಲಯ್ಯ


ಬೆಳಗಾವಿ, ೨೮ ಮಾರ್ಚ್ ೧೯೨೬

ಅಪ್ಪನವರಿಗೆ ಶರಣು.

ನಿಮ್ಮ ಉತ್ತರ ಬಂದಿಲ್ಲ. ಪತ್ರ ತಲುಪಿರಬೇಕು ಎಂದುಕೊಂಡಿದ್ದೇನೆ.

ಹನ್ನೊಂದು ಮನೆಗಳಲ್ಲಿ ಏಳು ಮನೆಯವರು ತಂಬೂರಿ ಸರಿಯಿದೆ, ಬರುವುದು ಬೇಡ ಎಂದಿದ್ದಾರೆ. ಒಂದು ಮನೆಯಲ್ಲಿ ಬಾಗಿಲಲ್ಲಿ ನಿಂತೇ ಕೇಳಿಸುತ್ತಿತ್ತು, ಪಂಚಮ ಇಳಿದಿತ್ತು. ಬುವಾ ಅವರ ಹಿಂದೆ ತಂಬೂರಿಗೆ ಈಗ ಬೇರೆಯವರು ಕೂಡುತ್ತಾರೆ. ಹೆಸರೂ ಬದಲಾಗಿದೆ. ಭೈರವಿ ಕಲ್ಲಯ್ಯ ಎನ್ನುತ್ತಾರೆ. ಗಣಪತ ಗಲ್ಲಿಯ ಚಹಾದ ಅಂಗಡಿಗೆ ನಾನು ಕಾಲಿಟ್ಟರೆ ಪೇಟಿಯವರೂ ಸಾರಂಗಿಯವರೂ, "ಬಂದಪಾ, ಮುಗೀತು, ನಡೀರಿ" ಎಂದು ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ನಗುವುದಕ್ಕೆ ಮಾಡುತ್ತಾರೆ, ಮತ್ತೆ ಕೂಡುತ್ತಾರೆ. ಚಹಾ ಕುಡಿಸುತ್ತಾರೆ. ಹಾಡಲು ಮಾತ್ರ ಯಾರೂ ಕರೆಯುವುದಿಲ್ಲ.

ಮಧುಕರ ಈಗಲೂ ಬರುತ್ತಾನೆ, ಹಿಂದಿನ ಬಾಗಿಲಿನಿಂದ. ವಕೀಲರ ಮನೆಯಲ್ಲಿ ಅವನಿಗೆ ವರ್ಷಕ್ಕೆ ನಾಲ್ಕು ಬೈಠಕ ಇರುತ್ತವೆ; ಮುಂದಿನ ಬಾಗಿಲಿನಿಂದ ಬಾ ಎಂದು ನಾನು ಹೇಳುವಂತಿಲ್ಲ. ಮಾಯಪ್ಪನವರು ಮಾತ್ರ ಏನೂ ಆಗದವರಂತೆ, "ತಂಬೂರಿಗೆ ನಿನ್ನ ಸುದ್ದಿ ಗೊತ್ತಿಲ್ಲ, ಎಳಿ" ಎಂದು ತಂತಿ ಕೈಗೆ ಕೊಟ್ಟರು.

ಒಂದು ಮಾತು ತಿಳಿಯಬೇಕಾಗಿದೆ. ಆ ಪದ ನಮ್ಮ ಮನೆಗೆ ಎಲ್ಲಿಂದ ಬಂತು? ಅದು ಭೈರವಿ ಎಂದು ಯಾರಿಗಾದರೂ ಗೊತ್ತಿತ್ತೇ?

ಕಲ್ಲಯ್ಯ


ಬೀಡಿ, ೧೯ ಏಪ್ರಿಲ್ ೧೯೨೬

ಚಿರಂಜೀವಿ ಕಲ್ಲಯ್ಯನಿಗೆ ಆಶೀರ್ವಾದ.

ಎರಡೂ ಪತ್ರ ಮುಟ್ಟಿವೆ. ಪದ ನನ್ನ ಅಪ್ಪ ಹೇಳುತ್ತಿದ್ದರು, ಅವರಿಗೆ ಅವರ ಅಪ್ಪ. ರಾಗದ ಹೆಸರು ಮಠದಲ್ಲಿ ಯಾರೂ ಕೇಳಿಲ್ಲ.

ನೀನು ಎರಡು ಪತ್ರ ಬರೆದೆ. ಜನ ಏನಂದರು, ವಕೀಲರು ಏನಂದರು, ಎಲ್ಲ ಬರೆದೆ. ತಪ್ಪಾಯಿತೆಂದು ಬುವಾ ಅವರ ಮುಂದೆ ಹೇಳಿದೆಯೋ ಇಲ್ಲವೋ ಬರೆದಿಲ್ಲ.

ಈರಯ್ಯ

ತಮ್ಮಾ, ಅಪ್ಪ ಇಷ್ಟು ಹೇಳಾಕ ಒಂದೂವರಿ ತಿಂಗಳು ಹಿಡೀತು. ದನಿ ಈಗ ಪಿಸುಮಾತಿನಷ್ಟು ಉಳದೈತಿ. ನನ್ನ ಕಿವಿ ಅವನ ಬಾಯಿ ಹತ್ರ ಇಟ್ಟು ಬರ್ಕೊಂಡೆ.

ನೀ ಕೇಳಿದ್ದಕ್ಕ ಅಪ್ಪ ಅರ್ಧಾ ಉತ್ತರ ಕೊಟ್ಟಾನ. ಉಳದಿದ್ದು ನಾ ಹೇಳತೀನಿ. ರಾಗದ ಹೆಸರು ನನಗೂ ಗೊತ್ತಿಲ್ಲ. ಆದರ ನಮ್ಮ ಮಠದಾಗೂ ಆ ಪದ ಕಡೀಕ ಹೇಳೂದು. ಅದಾದ ಮ್ಯಾಲ ಮತ್ತೊಂದು ಪದ ಇಲ್ಲ. ಏಕತಾರಿ ಗೂಟಕ್ಕ ಹಾಕತಾರ, ಮಂದಿ ಏಳತೈತಿ. ನಿನಗ ಹ್ಯಾಂಗ ಗೊತ್ತಾಗಬೇಕು? ಸಣ್ಣಾಂವ ಇದ್ದಾಗ ಭಜನಿ ಅರ್ಧಾ ಆಗೂದರಾಗ ನನ್ನ ತೊಡಿ ಮ್ಯಾಲ ಮಲಗತಿದ್ದಿ. ದೊಡ್ಡಾಂವ ಆದಮ್ಯಾಲ ಖಾನಾಪುರಕ್ಕ ಹೋದಿ. ನೀ ಕೇಳಿದ್ದೆಲ್ಲಾ ಅಪ್ಪ ಮುಂಜಾನಿ ಕಟ್ಟಿ ಮ್ಯಾಲ ಕುಂತು ರೂಢಿ ಮಾಡತಿದ್ದದ್ದು. ನಾ ಪ್ರಸಾದದ ಪಾತ್ರಿ ತೊಳಿಯಾಕ ಹೊರಗಿನ ಪಡಸಾಲ್ಯಾಗ ಕಡೀತನಕಾ ಇರತಿದ್ದೆ. ಅದು ಎತ್ತಿದರು ಅಂದ್ರ ಪಾತ್ರಿ ಎತ್ತೂ ಹೊತ್ತಾತು ಅಂತ ನನಗ ಗೊತ್ತಾಗತಿತ್ತು.

ಅಂದಮ್ಯಾಲ ಶಹರದವರ ಪದ್ಧತಿ ಅಷ್ಟ ನೀ ಮುರದಿದ್ದಲ್ಲ. ನಮ್ಮದೂ ಮುರದಿ.

ಅಕ್ಕವ್ವ


ಬೆಳಗಾವಿ, ೨೭ ಜೂನ್ ೧೯೨೬

ಅಪ್ಪನವರಿಗೆ ಶರಣು.

ನಿಮ್ಮ ಪತ್ರ ಬಂದ ಮರುದಿನವೇ ಬುವಾ ಅವರ ಮನೆಗೆ ಹೋದೆ. ಅವರು ಕೊಲ್ಹಾಪುರಕ್ಕೆ ಹೋಗಿದ್ದರು. ಮಳೆಗಾಲಕ್ಕೆ ತಿರುಗಿ ಬಂದಿದ್ದಾರೆ. ಮೊನ್ನೆ ಶುಕ್ರವಾರ ಕಂಡೆ.

ತಪ್ಪಾಯಿತು ಎಂದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. "ಯಾವುದು ತಪ್ಪು?" ಎಂದು ಕೇಳಿದರು. ಅಕ್ಕ ಬರೆದದ್ದನ್ನು ಹಾಗೆಯೇ ಹೇಳಿದೆ: ಮಠದಲ್ಲೂ ಅದು ಕೊನೆಯ ಪದ, ಅಷ್ಟು ವರ್ಷ ಹಾಡಿಯೂ ನನಗೆ ಅದರ ಜಾಗ ಗೊತ್ತಿರಲಿಲ್ಲ. ಅವರು ಅಡಕತ್ತರಿ ಕೆಳಗಿಟ್ಟರು.

"ಇದನ್ನ ಯಾರು ಹೇಳಿದರು ನಿನಗ?"

"ನಮ್ಮಕ್ಕರೀ."

"ಹಂಗಾದರ ನಿಮ್ಮ ಮನ್ಯಾಗ ಪದಾ ಕಲ್ತಾಕಿ ಆಕಿ. ನೀ ಬರೇ ಹಾಡಿದಿ."

ಆಮೇಲೆ ತಂಬೂರಿ ಕೊಟ್ಟು ಹಾಡಿಸಿದರು. ಒಂದು ವರ್ಷದಲ್ಲಿ ಮೊದಲ ಸಲ. ಮೂರು ರಾಗ ಕೇಳಿದರು, ಪ್ರತಿಯೊಂದನ್ನೂ ನಡುವೆ ನಿಲ್ಲಿಸಿದರು. ಬೇಕೆಂದೇ ದಣಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಕೊನೆಗೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ನಿನ್ನ ದನಿ ಛಲೋ ಅದ. ಆದರ ದಣಿದಾಗೊಮ್ಮೆ ಆ ಪದದ ಕಡೆ ಹೋಗತದ, ಎತ್ತು ಗ್ವಾದಲಿಗೆ ಹೋದಂಗ. ಮುಲ್ತಾನ್ಯಾಗೂ ಹೋತು, ಅವತ್ತ ನಾ ಕೇಳೀನಿ. ಅದನ್ನ ಬಿಡಿಸದ ನಾ ಏನೂ ಕಲಿಸಾಕ ಆಗೂದಿಲ್ಲ. ಮೂರು ವರ್ಷ ಆ ಪದ ಹಾಡಬಾರದು. ಬೈಠಕದಾಗ ಅಲ್ಲ, ಮಠದಾಗ ಅಲ್ಲ, ಜಳಕದ ಮನ್ಯಾಗೂ ಅಲ್ಲ. ಒಪ್ಪಿದರ ಹುಣ್ಣಿವಿಗೆ ಗಂಡಾ ಕಟ್ಟತೀನಿ."

ಇನ್ನೊಂದು. ಹಿಂದೆ ಒಬ್ಬ ಶಿಷ್ಯನನ್ನು ಅವನ ತಂದೆ ನಡುವೆಯೇ ಬಂದು ಕರೆದುಕೊಂಡು ಹೋದರಂತೆ. ಅದಕ್ಕಾಗಿ, "ಅಪ್ಪನ ಸಹಿ ತಾ" ಎಂದಿದ್ದಾರೆ. ಸಹಿ ಬೇರೆಯವರ ಕೈಯದಾದರೆ ನಡೆಯುವುದಿಲ್ಲ.

ನಾನು ಅವರಿಗೆ ಹೌದು ಎನ್ನಲಿಲ್ಲ. ನಿಮ್ಮ ದನಿಯ ವಿಷಯ ಅಕ್ಕ ಬರೆದಿದ್ದಾಳೆ. ಮಠದಲ್ಲಿ ಪದಕ್ಕೆ ನಾನು ಬೇಕು ಎಂದು ನನಗೆ ಗೊತ್ತು. ಬುವಾ ದಾರ ಕಟ್ಟಲು ಒಪ್ಪಿದ್ದಾರೆ, ಗಡುವಿನೊಳಗೆ. ನಮ್ಮ ಮಾತಿನ ಪ್ರಕಾರ ನಾನು ಇಲ್ಲಿಯೇ ಉಳಿಯಬಹುದು. ಆದರೆ ಮಾತಾಡಿಕೊಂಡಾಗ ನಿಮ್ಮ ದನಿ ಸರಿಯಿತ್ತು. ನೀವು ಬಾ ಎಂದರೆ ಬರುತ್ತೇನೆ. ಬಂದವನು ತಿರುಗಿ ಹೋಗುವ ಮಾತು ಎತ್ತುವುದಿಲ್ಲ. ಹುಣ್ಣಿಮೆ ಜುಲೈ ಇಪ್ಪತ್ತೈದು, ಭಾನುವಾರ.

ನಿಮ್ಮ ಮಗ
ಕಲ್ಲಯ್ಯ


ಬೀಡಿ, ೧೫ ಜುಲೈ ೧೯೨೬, ಗುರುವಾರ

ತಮ್ಮ ಕಲ್ಲಯ್ಯಗ ಅಕ್ಕವ್ವನ ಆಶೀರ್ವಾದ.

ಈ ಪತ್ರ ಅಪ್ಪ ಹೇಳಿ ಬರಸಿದ್ದಲ್ಲ. ನಂದ.

ನಿನ್ನ ಪತ್ರ ಈ ತಿಂಗಳ ಒಂದನೇ ತಾರೀಖು ಬಂತು. ಓದಿ ಹೇಳಿದೆ. ಅಪ್ಪ ಕೇಳಿದ, ಎದ್ದು ದನದ ಮನಿಗೆ ಹೋದ. ಮರುದಿನ "ಬರೀಲೇನಪಾ?" ಅಂದೆ. ಕೈ ಬೀಸಿದ. ಅದರ ಮರುದಿನಾನೂ ಕೈ ಬೀಸಿದ. ನಾ ಕೇಳೂದು ಬಿಟ್ಟೆ.

ಮೊನ್ನಿ ಸೋಮವಾರ ಮಠದಾಗ ಆಗಿದ್ದು ಹೇಳತೀನಿ. ಭಜನಿ ಎಲ್ಲಾ ಆತು. ಅಪ್ಪ ಏಕತಾರಿ ಹಿಡದ. ಯುಗಾದಿತನಕಾ ಎರಡು ಸಾಲು ಹೊಂಡತಿದ್ದವು, ಆಮ್ಯಾಲ ಒಂದು. ಮೊನ್ನಿ ಒಂದೂ ಹೊಂಡಲಿಲ್ಲ. ಬಾಯಿ ತಗದ, ಉಸುರು ಅಷ್ಟ ಬಂತು. ಬಂಡೆಪ್ಪ ಮಾವ ಹೇಳಿಕೊಡಾಕ ಹ್ವಾದ, ಅವಗ ಎರಡನೇ ಸಾಲಿಗೆ ಧಾಟಿ ತಪ್ಪಿ ಬ್ಯಾರೆ ಪದದಾಗ ಬಿದ್ದ. ಅಪ್ಪ ತಂತಿ ಮ್ಯಾಲ ಕೈ ಇಟ್ಟು ನಿಲ್ಲಿಸಿದ. ಏಕತಾರಿ ಗೂಟಕ್ಕ ಹಾಕಲಿಲ್ಲ, ತೊಡಿ ಮ್ಯಾಲ ಇಟಗೊಂಡು ಕುಂತ. ಮಂದಿ ಏಳವಲ್ಲರು. ಪದ ಆಗಿಲ್ಲ, ಹ್ಯಾಂಗ ಏಳಬೇಕು? ಸ್ವಾಮಿಗಳೂ ಕುಂತಿದ್ದರು. ಒಬ್ಬಾಂವ "ಮುಗೀತೇನ್ರಿ?" ಅಂತ ಮೆಲ್ಲಕ ಕೇಳಿದ. ಹಣತ್ಯಾಗಿನ ಎಣ್ಣಿ ತೀರಿತು. ಆಗ ಒಬ್ಬೊಬ್ಬರ ಕಳ್ಳರಂಗ ಎದ್ದು ಹ್ವಾದರು.

ನಾ ಪಡಸಾಲ್ಯಾಗ ಇದ್ದೆ. ಪದ ನನ್ನ ಬಾಯಿತನಕಾ ಬಂದಿತ್ತು. ನುಂಗಿದೆ. ನಿನ್ನದು ವಕೀಲರ ಮನ್ಯಾಗ ಬರಬಾರದಾಗ ಬಂತು, ನಂದು ಬರಬೇಕಾದಾಗ ಬರಲಿಲ್ಲ.

ಮಂಗಳವಾರ ಮುಂಜಾನಿ ಅಪ್ಪ ಕಟ್ಟಿ ಮ್ಯಾಲ ಕುಂತಿದ್ದ. ನಾ ಅಕ್ಕಿ ಆರಸಾಕತ್ತಿದ್ದೆ. ಯಾರನ್ನೂ ಕೇಳಿ ಮಾಡಿದ್ದಲ್ಲ. ಮೊರ ಕೆಳಗಿಟ್ಟು ಪದ ಎತ್ತಿಕೊಂಡೆ. ಪೂರಾ ಹೇಳಿದೆ, ಮೊದಲಿಂದ ಕಡೀತನಕಾ. ಅಪ್ಪ ಹೊಳ್ಳಿ ನೋಡಲಿಲ್ಲ. ಮೂರನೇ ನುಡಿಗೆ ಬಂದಾಗ ಕೈ ಎತ್ತಿದ. ಹತ್ರ ಹ್ವಾದೆ. "ಅಲ್ಲಿ ಉಸುರು ತಗೀಬ್ಯಾಡ. ದಾಟಿ ತಗಿ" ಅಂದ. ಮತ್ತ ಹೇಳಿದೆ. ದಾಟಿ ತಗದೆ. ಆಮ್ಯಾಲ ಕೇಳಿದ, "ಯಾವಾಗಿಂದ ಬರತೈತಿ?" ನಾ ಅಂದೆ, "ಅವರು ಹೋಗಿ ನಾ ಈ ಮನಿಗೆ ತಿರುಗಿ ಬಂದಾಗಿಂದ. ದನದ ಮನ್ಯಾಗ ಹೇಳತೀನಿ." "ದನ ಏನಂದಾವ?" ಅಂದ. ನಕ್ಕ, ಖರೇ. ದನಿ ಇಲ್ಲದ ನಗಿ ನೀ ನೋಡಿಲ್ಲ.

ನಿನ್ನಿ ಬಂಡೆಪ್ಪ ಮಾವನ್ನ ಕರಿಸಿದ. ಬರೂ ಸೋಮವಾರ ನಾ ಮುಂದ ಕುಂತು ಪದ ಹೇಳೂದು, ಅಪ್ಪ ಬಾಜೂಕ ಏಕತಾರಿ ಹಿಡಿಯೂದು ಅಂತ ಆತು. ಮಾವಗ ಗಾಬರಿ. "ನಾಕು ತಲಿಯಿಂದ ಹೆಣ್ಣಮಕ್ಕಳು ಪಡಸಾಲಿ ದಾಟಿಲ್ಲವಾ. ಅದರಾಗ ನೀ ಗಂಡ ಹೋಗಿ ಹಿಂಗ ಕುಂತಾಕಿ. ಮಂದಿ ಎದ್ದು ಹೋದರ ಏನ ಮಾಡತಿ?" ಅಂದ.

"ಮಾವಾ, ಆ ಪದಕ್ಕ ಮಂದಿ ಎದ್ದು ಹೋಗೂದ ಅಲ್ಲೇನು?" ಅಂದೆ.

ಮಾವ ಅಪ್ಪನ ಮುಖ ನೋಡಿದ. ಅಪ್ಪ ಗೋಡಿ ನೋಡಿದ. ಮಾವ ಎಲಿ ಅಡಿಕಿ ಹಾಕ್ಕೊಂಡು ಎದ್ದ. ಸ್ವಾಮಿಗಳಿಗೆ ಇನ್ನೂ ಹೇಳಿಲ್ಲ. ಹೇಳಿ ಕುಂದ್ರೂದೋ, ಕುಂತು ಹೇಳೂದೋ ಅಂತ ಮಾವ ಕೇಳಿದ್ದಕ್ಕ ಅಪ್ಪ, "ಮೊದಲ ಪದ ಆಗಲಿ" ಅಂದ.

ಇದರ ಜೋಡಿ ಬ್ಯಾರೆ ಹಾಳಿ ಐತಿ. ಬುವಾ ಅವರಿಗೆ ಕೊಡು. ಮ್ಯಾಲಿನ ನಾಕು ಸಾಲು ನಾ ಬರದೀನಿ, ಕೆಳಗ ಸಹಿ ಅಪ್ಪಂದ. ನಾ ಕೈ ಹಿಡಿಯಾಕ ಹ್ವಾದೆ, ಬ್ಯಾಡ ಅಂದ. ಅಕ್ಷರ ಸಾಲು ಬಿಟ್ಟು ಇಳದಾವ, ಆದರ ಓದಾಕ ಬರತಾವ. ಮೂರು ವರ್ಷ ನೀ ಆ ಪದ ಹಾಡಬ್ಯಾಡ. ಬಾಯಿಗೆ ಬಂದರ ನುಂಗು, ನುಂಗೂದು ಕಷ್ಟ ಇಲ್ಲ, ನನಗ ರೂಢಿ ಐತಿ. ಇನ್ನ ಮ್ಯಾಲ ನಾ ನುಂಗೂದಿಲ್ಲ.

ಸೋಮವಾರಕ್ಕ ನಾಕು ದಿನ ಐತಿ. ನಿನ್ನ ಹುಣ್ಣಿವಿ ಅದರ ಮುಂದಿನ ಐತವಾರ. ಮೊದಲ ನಂದು, ಆಮ್ಯಾಲ ನಿಂದು.

ಅಕ್ಕವ್ವ